ಮೊದಲ ಹಾಳೆಯ ಅರವತ್ತೊಂದು ಹೆಸರು

ಕರಜಗಿ
8 ನವೆಂಬರ್ 1995

ಚಿ. ಸೌ. ಶಿವಕಾಂತಾಳಿಗೆ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನವ್ವನ ಮೊಣಕಾಲು ನೋವು ಇದ್ದ ಹಾಗೇ ಇದೆ. ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಬರೆಯುವುದಿಲ್ಲ. ಒಂದು ಮಾತು ಕೇಳಬೇಕಾಗಿದೆ.

ನಿನ್ನೆ ನಿಮ್ಮ ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ಬಂದು ನನ್ನ ಕಬ್ಬಿನ ಕಟಾವಿನ ಚೀಟಿ ಕೊಟ್ಟು ಹೋದ. ಇಪ್ಪತ್ತನೇ ತಾರೀಖು ಕಡಿಯುವ ಟೋಳಿ ಬರುತ್ತದಂತೆ. ಸರದಿ ನಂಬರು ನಲವತ್ತಮೂರು. ಮೂರು ಸಾವಿರಕ್ಕೂ ಮೇಲೆ ರೈತರಿರುವ ಕಾರ್ಖಾನೆಯಲ್ಲಿ ನನ್ನದು ನಲವತ್ತಮೂರನೆಯದು. ಮೊದಲು ಹೆಸರು ಬರೆಸಿದವನ ಕಬ್ಬು ಮೊದಲು ಕಡಿಯಬೇಕು ಎಂಬುದು ನಿಮ್ಮ ಕಾರ್ಖಾನೆಯ ಕಾಯಿದೆ. ನಾನು ಹೆಸರು ಬರೆಸಿದ್ದು ಜುಲೈ ತಿಂಗಳಲ್ಲಿ, ಎಲ್ಲರಿಗಿಂತ ಕಡೆಗೆ. ನಮ್ಮ ಬದುವಿಗೇ ಹೊಂದಿರುವ ದೌಲತರಾಯ ಏಪ್ರಿಲ್‌ನಲ್ಲೇ ಬರೆಸಿದ್ದಾನೆ. ಅವನಿಗೆ ಚೀಟಿ ಬಂದಿಲ್ಲ. ಕೇಳಿದರೆ ಸಾವಿರದಾಚೆಯ ನಂಬರು, ಫೆಬ್ರುವರಿಯಲ್ಲಿ ನೋಡೋಣ ಎಂದರಂತೆ. ಅವನ ಕಬ್ಬು ಈಗಲೇ ಹೂ ಬಿಟ್ಟಿದೆ. ಫೆಬ್ರುವರಿಯ ತನಕ ನಿಂತರೆ ಒಳಗೆ ಬೆಂಡಾಗಿ ಒಲೆಗೆ ಹಾಕಲಷ್ಟೇ ಬಂದೀತು.

ಅವನೂ ನಾನೂ ಇಪ್ಪತ್ತೆರಡು ವರ್ಷದಿಂದ ಒಂದೇ ಮೋಟಾರಿನ ನೀರು ಹಾಯಿಸಿ ಕಬ್ಬು ಬೆಳೆದವರು. ಅವನು ಇನ್ನೂ ಏನೂ ಅಂದಿಲ್ಲ. ಊರಿನವರು ಅನ್ನುತ್ತಿದ್ದಾರೆ. ಖಾದರಸಾಬನ ಕಿರಾಣಿ ಅಂಗಡಿಯ ಮುಂದೆ ನಾನು ನಿಂತಿರುವಾಗಲೇ ಒಬ್ಬ, “ಮಗಳು ಮಷೀನಿನ ಮುಂದ ಕುಂತಾಳ. ಅಪ್ಪನ ಕಬ್ಬು ಮುಂದ ಹೋಗೂದು ಏನ್ ದೊಡ್ಡ ಮಾತು” ಎಂದ. ನಾನು ತಿರುಗಿ ನೋಡಲಿಲ್ಲ.

ನೀನು ಮಾಡಿದೆಯೋ ಇಲ್ಲವೋ, ಅಷ್ಟು ಬರೆ.

ಇಂತಿ,
ಶಾಂತಲಿಂಗಪ್ಪ


ಆಳಂದ
14 ನವೆಂಬರ್ 1995

ತೀರ್ಥರೂಪ ಅಪ್ಪನವರಿಗೆ ಶಿವಕಾಂತಾಳ ಶರಣು.

ನಿಮ್ಮ ಪತ್ರ ಎರಡು ದಿನ ತಡವಾಗಿ ಸಿಕ್ಕಿತು. ಲಕೋಟೆಯ ಮೇಲೆ ಇಜೇರಿಯ ಗಂಡನ ಮನೆತನದ ಹೆಸರು ಹಚ್ಚಿದ್ದೀರಿ. ಆ ಹೆಸರಿನವರು ಈ ಕಚೇರಿಯಲ್ಲಿ ಯಾರೂ ಇಲ್ಲವೆಂದು ಅಂಚೆಯವನು ಹೊತ್ತು ತಿರುಗಿದ. ನಾನು ಆ ಮನೆ ಬಿಟ್ಟು ಬಂದು ಒಂದೂವರೆ ವರ್ಷವಾಯಿತು. ಇನ್ನು ಮುಂದೆ ಬರೆದರೆ ನನ್ನ ಹೆಸರಷ್ಟೇ ಬರೆಯಿರಿ.

ಕೇಳಿದ್ದಕ್ಕೆ ಉತ್ತರ: ನಾನು ಮಾಡಿಲ್ಲ.

ಊರಿನವರಿಗೆ ನಾನು ಮಷೀನಿನ ಮುಂದೆ ರಾಣಿಯ ಹಾಗೆ ಕುಳಿತು ಬೇಕಾದವರನ್ನು ಮುಂದೆ ತರುತ್ತೇನೆ, ಬೇಡವಾದವರನ್ನು ಹಿಂದೆ ತಳ್ಳುತ್ತೇನೆ ಅನ್ನಿಸಿರಬೇಕು. ಅವರೊಮ್ಮೆ ಬಂದು ನೋಡಲಿ. ಕಬ್ಬಿನ ವಿಭಾಗದ ಮುಖ್ಯಸ್ಥರು ವ್ಯಂಕಟೇಶರಾಯರು. ಅವರ ಪರಿಚಯದವನೊಬ್ಬ ಗಡಿಯಾಚೆಯಿಂದ ಬಿಡಿಭಾಗ ತಂದು ಜೋಡಿಸಿಕೊಟ್ಟ ಕಂಪ್ಯೂಟರ್ ಅದು. ಬೆಳಿಗ್ಗೆ ಸ್ವಿಚ್ ಒತ್ತಿ, ನಾನು ಹೋಗಿ ನೀರಿನ ಕೊಡ ತುಂಬಿ, ಕಸ ಗುಡಿಸಿ ಬಂದರೂ ಇನ್ನೂ ಎದ್ದಿರುವುದಿಲ್ಲ. ಒಬ್ಬ ರೈತನ ಹೆಸರು ಹೊಡೆದರೆ ಅಕ್ಷರಗಳು ಒಂದೊಂದಾಗಿ, ಎಮ್ಮೆ ಕೆರೆಯಿಂದ ಏಳುವ ಹಾಗೆ ಮೇಲೆ ಬರುತ್ತವೆ. ನಡುವೆ ಪರದೆ ಅಲುಗಾಡಿ ನಿಂತುಬಿಡುತ್ತದೆ. ಆಗ ಕೀಲಿಮಣೆಯ ಮೇಲೆ ಏನು ಒತ್ತಿದರೂ ಅದಕ್ಕೆ ಕೇಳಿಸುವುದಿಲ್ಲ. ಬಂದ್ ಮಾಡಿ ಮೊದಲಿನಿಂದ ಶುರು ಮಾಡಬೇಕು. ಒಳಗಿನ ಫ್ಯಾನು ನಿಂತು ಎಂಟು ತಿಂಗಳಾಯಿತು. ಮೇಲಿನ ಮುಚ್ಚಳ ತೆಗೆದು, ಮಗ್ಗುಲಲ್ಲಿ ಟೇಬಲ್ ಫ್ಯಾನ್ ಇಟ್ಟುಕೊಂಡು ಕೆಲಸ ಮಾಡುತ್ತೇನೆ. ಮೂರು ಸಾವಿರ ಹೆಸರುಗಳ ಪಟ್ಟಿಯನ್ನು ಸರದಿಗೆ ಹಚ್ಚಲು ಅದಕ್ಕೆ ಒಂದು ಇಡೀ ದಿನ ಬೇಕು. ಅಷ್ಟರಲ್ಲಿ ಕರೆಂಟು ಹೋದರೆ ಮತ್ತೊಂದು ದಿನ.

ಇಂಥ ಮಷೀನಿನಿಂದ ನನ್ನ ಅಪ್ಪನ ಹೆಸರನ್ನು ಮುಂದೆ ತರುವಷ್ಟು ಪುರುಸೊತ್ತು ನನಗಿಲ್ಲ.

ಬೇಕಿದ್ದರೆ ದೌಲತರಾಯ ಕಾಕಾರ ನಂಬರು ಹಿಂದೆ ಹೇಗಾಯಿತೆಂದು ಹುಡುಕುತ್ತೇನೆ. ಸಮಯ ಹಿಡಿಯುತ್ತದೆ.

ಅವ್ವನಿಗೆ ನನ್ನ ಶರಣು ತಿಳಿಸಿ.

ಇಂತಿ ನಿಮ್ಮ ಮಗಳು,
ಶಿವಕಾಂತಾ


ಕರಜಗಿ
21 ನವೆಂಬರ್ 1995

ಚಿ. ಶಿವಕಾಂತಾಳಿಗೆ ಆಶೀರ್ವಾದಗಳು.

ಪತ್ರ ತಲುಪಿತು. ನಿನ್ನ ಮಾತು ನಂಬಿದ್ದೇನೆ.

ನಿನ್ನೆ ಟೋಳಿ ಬಂತು. ಗಡಿಯಾಚೆಯ ಬೀಡ ಕಡೆಯವರು, ಹನ್ನೆರಡು ಕೊಯ್ತ, ಅಂದರೆ ಹನ್ನೆರಡು ಜೋಡಿ ಗಂಡ ಹೆಂಡತಿ. ದಿನಕ್ಕೊಂದೇ ಲಾರಿ ಬರುವುದಂತೆ, ಹಾಗಾಗಿ ಐದು ಎಕರೆಗೆ ಇಪ್ಪತ್ತು ದಿನವಾದರೂ ಹಿಡಿದೀತು. ಅವರು ಮೊದಲ ಸಾಲಿಗೆ ಕುಡುಗೋಲು ಹಾಕುವಾಗ ದೌಲತರಾಯ ಬದುವಿನ ಮೇಲೆ ಬಂದು ನಿಂತ. ಅವನ ಹಿಂದೆ ಹತ್ತು ಹದಿನೈದು ಮಂದಿ. ಟೋಳಿಯವರು ಹೆದರಿ ಕೆಲಸ ನಿಲ್ಲಿಸಿದರು.

ದೌಲತರಾಯ ಸಿಟ್ಟಿನಲ್ಲಿ ಮಾತಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. “ಶಾಂತಣ್ಣ, ನೀ ಒಂದ್ ಮಾತು ಹೇಳು. ನೀ ಹೇಳಿದ್ದು ನಾ ಕೇಳ್ತೇನಿ. ನಿನ್ನ ಮಗಳು ಇದ್ರಾಗ ಕೈ ಹಾಕ್ಯಾಳೋ ಇಲ್ಲೋ?” ಎಂದ.

ನಾನು ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದೆ. ಇದರಲ್ಲಿ ನನ್ನ ಮಗಳ ಕೈ ಇಲ್ಲ ಎಂದು ಎಲ್ಲರ ಎದುರಿಗೆ ಹೇಳಿದೆ. ಅರವತ್ತೆರಡು ವರ್ಷದಲ್ಲಿ ನಾನು ಲಿಂಗ ಹಿಡಿದು ಹೇಳಿದ ಮಾತು ಇದೊಂದೇ. ಅವನು ತಲೆಬಾಗಿ ಹೊರಟುಹೋದ. ಮಂದಿಯೂ ಹೋದರು. ಈಗ ಕಡಿಯುವ ಸಪ್ಪಳ ಕೇಳುತ್ತಿದೆ.

ಇಂತಿ,
ಶಾಂತಲಿಂಗಪ್ಪ


ಆಳಂದ
24 ನವೆಂಬರ್ 1995

ಅಪ್ಪನವರಿಗೆ ಶರಣು.

ನಿಮ್ಮ ಪತ್ರ ಈಗ ಅರ್ಧ ಗಂಟೆಯ ಹಿಂದೆ ಕೈಗೆ ಬಂತು. ಅದಕ್ಕೂ ಮೊದಲೇ, ನಿನ್ನೆ, ನನಗೆ ವಿಷಯ ಗೊತ್ತಾಗಿತ್ತು. ಹೇಗೆ ಬರೆಯಲೆಂದು ತಿಳಿಯದೆ ಕುಳಿತಿದ್ದೆ. ಈಗ ಬರೆಯಲೇಬೇಕು.

ಕೈ ನನ್ನದೇ.

ಬೇಕಂತ ಮಾಡಿದ್ದಲ್ಲ. ಆದರೆ ಕೈ ನನ್ನದು. ಆದದ್ದು ಹೀಗೆ. ಈ ಮಷೀನಿನೊಳಗೆ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಬಂದ್ ಮಾಡಿದಾಗಲೂ ಗಡಿಯಾರ ನಡೆಯಲಿ ಎಂದು ಇಟ್ಟದ್ದು. ನಮ್ಮದರಲ್ಲಿ ಅದು ಬಂದ ಮೊದಲ ಬೇಸಿಗೆಗೇ ಸತ್ತಿದೆ. ಹಾಗಾಗಿ ಬೆಳಿಗ್ಗೆ ಒಮ್ಮೆ, ಆಮೇಲೆ ಕರೆಂಟು ಹೋಗಿ ಬಂದಾಗಲೆಲ್ಲ ಒಮ್ಮೆ, ಅದು ಇಂದಿನ ತಾರೀಖು ಯಾವುದೆಂದು ಕೇಳುತ್ತದೆ. ನಾನು ತುಂಬಬೇಕು. ತುಂಬದೆ ಮುಂದೆ ಹೋದರೆ ಅದು ತನ್ನಷ್ಟಕ್ಕೆ 1980ರ ಜನವರಿ ಒಂದು ಎಂದು ತಿಳಿದುಕೊಳ್ಳುತ್ತದೆ. ರೈತರ ಅರ್ಜಿ ಸೇರಿಸುವಾಗ ಮಷೀನು ಆ ತಾರೀಖನ್ನೇ ಹೆಸರಿನ ಮಗ್ಗುಲಲ್ಲಿ ಬರೆದುಕೊಳ್ಳುತ್ತದೆ. ಸರದಿ ಆಗುವುದು ಅದರ ಮೇಲೆ.

ಜುಲೈ 11, ಮಂಗಳವಾರ, ಹೆಸರು ಬರೆಸುವ ಕಡೆಯ ವಾರ. ಕಿಟಕಿಯ ಹೊರಗೆ ಖಜೂರಿಯ ಕಡೆಯಿಂದ, ಅಫಜಲಪುರದ ಕಡೆಯಿಂದ ಬಂದ ಮಂದಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದರು. ಮಷೀನು ಬೆಳಗಿನಿಂದ ಮೂರು ಸಲ ನಿಂತಿತ್ತು, ಕರೆಂಟು ನಾಲ್ಕು ಸಲ ಹೋಗಿತ್ತು. ಪ್ರತಿ ಸಲ ಎದ್ದೇಳಲು ಹದಿನೈದು ನಿಮಿಷ. ಹೊರಗಿನಿಂದ ಬೈಗುಳ, ಒಳಗಿನಿಂದ ವ್ಯಂಕಟೇಶರಾಯರ ಒದರಾಟ. ಮತ್ತೊಮ್ಮೆ ಅದು ತಾರೀಖು ಕೇಳಿದಾಗ ನಾನು ನೋಡದೆ ಗುಂಡಿ ಒತ್ತಿ ಮುಂದೆ ಹೋದೆ. ಆ ಮಧ್ಯಾಹ್ನ ಅರವತ್ತೊಂದು ಅರ್ಜಿ ಸೇರಿಸಿದೆ. ಆ ಅರವತ್ತೊಂದು ಮಂದಿ ಹದಿನೈದು ವರ್ಷದ ಹಿಂದೆ ಹೆಸರು ಬರೆಸಿದವರಾಗಿ ಪಟ್ಟಿಯ ತಲೆಗೆ ಹೋಗಿ ಕುಳಿತರು. ಅದರಲ್ಲಿ ನಿಮ್ಮದೂ ಒಂದು. ದೌಲತರಾಯ ಕಾಕಾರದು ಸಾವಿರದಾಚೆಗೆ ಯಾಕೆ ಹೋಯಿತೆಂದು ಇನ್ನೂ ತಿಳಿದಿಲ್ಲ. ಅದೂ ಹೀಗೆಯೇ ಏನೋ ತಾರೀಖಿನ ಗೊಂದಲ ಇರಬೇಕು.

ಅರ್ಜಿ ಕೊಡಲು ಆ ದಿನ ನೀವೇ ಬಂದಿದ್ದಿರೋ, ಬೇರೆಯವರ ಕೈಯಲ್ಲಿ ಕಳಿಸಿದ್ದಿರೋ ನನಗೆ ಗೊತ್ತಿಲ್ಲ. ನೀವೇ ಬಂದಿದ್ದರೆ, ಕಿಟಕಿಯ ಹೊರಗೆ ನಿಂತವರ ಮುಖವನ್ನೂ ನಾನು ನೋಡಲಿಲ್ಲ.

ನಿನ್ನೆಯೇ ವ್ಯಂಕಟೇಶರಾಯರಿಗೆ ಹೇಳಿದೆ. ಪಟ್ಟಿ ಸರಿಪಡಿಸಬೇಕೆಂದೆ. ಅವರು ಬಾಗಿಲು ಮುಂದೆ ಮಾಡಿ, “ಯಾರ್ ಕೇಳಿದರೂ ಕಂಪ್ಯೂಟರ್ ಮಾಡ್ಯಾದ ಅಂತ ಹೇಳವಾ. ಅದರ ಜೋಡಿ ಯಾರ್ ಜಗಳಾಡಾಕ ಬರ್ತಾರ?” ಎಂದರು. ಬ್ಯಾಟರಿ ಬೇಕೆಂದು ನಾನು ಮೂರು ಸಲ ಬರೆದುಕೊಟ್ಟ ಕಾಗದಗಳು ಅವರ ಡ್ರಾವರಿನಲ್ಲೇ ಇವೆ. ಪಟ್ಟಿಯ ತಪ್ಪು ಹೊರಬಿದ್ದರೆ, ಇಂಥ ಮಷೀನು ಯಾರು ತಂದರು ಎಂಬ ಮಾತೂ ಹೊರಬೀಳುತ್ತದೆ.

ನೀವು ಲಿಂಗ ಹಿಡಿದ ತಾರೀಖು ನೋಡಿದೆ. ನನ್ನ ಪತ್ರ ಒಂದು ವಾರ ತಡವಾಗಿದ್ದರೆ, ಹುಡುಕಿ ನೋಡಿ ಆಮೇಲೆ ಬರೆದಿದ್ದರೆ, ಹಾಗಾಗುತ್ತಿರಲಿಲ್ಲ.

ಮುಂದೇನೆಂದು ನನಗೆ ತಿಳಿಯುತ್ತಿಲ್ಲ.

ಶಿವಕಾಂತಾ


ಆಳಂದ
27 ನವೆಂಬರ್ 1995

ಅಪ್ಪನವರಿಗೆ ಶರಣು.

ನಿಮ್ಮ ಉತ್ತರ ಬರುವ ಮುಂಚೆಯೇ ಬರೆಯುತ್ತಿದ್ದೇನೆ.

ಶನಿವಾರ ವ್ಯಂಕಟೇಶರಾಯರು ಒಂದು ಕಾಗದ ಟೈಪು ಮಾಡಿಸಿ ತಂದು ನನ್ನ ಮುಂದಿಟ್ಟರು. ಪಟ್ಟಿಯನ್ನು ಅರ್ಜಿಗಳ ಜೊತೆ ತಾಳೆ ನೋಡಿದ್ದೇನೆ, ಎಲ್ಲವೂ ಸರಿಯಾಗಿದೆ ಎಂದು ನಾನು ಸಹಿ ಮಾಡಬೇಕಂತೆ. ಸೋಮವಾರ ನೋಡುತ್ತೇನೆ ಎಂದು ಎತ್ತಿಟ್ಟೆ. ಮೂಲ ಅರ್ಜಿಗಳು ಎಲ್ಲಿ ಎಂದು ಕೇಳಿದರೆ, ಅವನ್ನೆಲ್ಲ ಗೋದಾಮಿಗೆ ಕಳಿಸಿದ್ದೇವೆ, ಇಲಿ ತಿಂದಿರಬೇಕು ಎಂದರು.

ನಿನ್ನೆ ಭಾನುವಾರ ಜೇವರ್ಗಿಗೆ ಹೋಗಿ ಬಂದೆ. ಅಲ್ಲಿ ಪಾಂಡುರಂಗರಾಯರು ಅಂತ ಇದ್ದಾರೆ. ಮೊನ್ನೆ ಆಗಸ್ಟಿನ ತನಕ ನಮ್ಮ ಕಚೇರಿಯಲ್ಲಿ ಬಂದ ಕಾಗದ ತೆಗೆದುಕೊಳ್ಳುವ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಂಪ್ಯೂಟರ್ ಬಂದ ಮೇಲೂ ಅವರು ತಮ್ಮ ರೂಢಿಯಂತೆ ಪ್ರತಿ ಅರ್ಜಿಯನ್ನೂ ಬಂದ ದಿನವೇ ಉದ್ದನೆಯ ರಿಜಿಸ್ಟರಿನಲ್ಲಿ ಕೈಯಿಂದ ಬರೆಯುತ್ತಿದ್ದರು. ನಾವು ನಗುತ್ತಿದ್ದೆವು. ಅವರು ಹೋಗುವಾಗ ಆ ರಿಜಿಸ್ಟರನ್ನು ರದ್ದಿಗೆ ಹಾಕಲು ವ್ಯಂಕಟೇಶರಾಯರು ಹೇಳಿದ್ದರು. ಅವರಿಗೆ ಮನಸ್ಸಾಗದೆ ಮನೆಗೆ ಒಯ್ದಿದ್ದಾರೆಂದು ನನಗೆ ಗೊತ್ತಿತ್ತು.

ಅವರ ಹೆಂಡತಿ ಸುಲಭಾಬಾಯಿ ಊಟಕ್ಕಿಟ್ಟರು. ರಾಯರು ಮಾತ್ರ ಬಹಳ ಹೊತ್ತು ರಿಜಿಸ್ಟರ್ ತೆಗೆಯಲಿಲ್ಲ. “ಇದು ನಿನ್ನ ಕೈಯಾಗ ಬಂತಂದ್ರ ನಿನ್ನ ನೌಕರಿ ಉಳಿಯಂಗಿಲ್ಲವಾ. ನನ್ನ ಪೆನ್ಶನ್ ಕಾಗದ ಇನ್ನಾ ವ್ಯಂಕಟೇಶರಾಯರ ಟೇಬಲ್ ಮ್ಯಾಲೇ ಅವ” ಎಂದರು. ಆಮೇಲೆ ಎದ್ದುಹೋಗಿ ಧೋತರದಲ್ಲಿ ಸುತ್ತಿಟ್ಟದ್ದನ್ನು ತಂದು ನನ್ನ ತೊಡೆಯ ಮೇಲಿಟ್ಟರು. ದೌಲತರಾಯ ಕಾಕಾರ ಹೆಸರು ಏಪ್ರಿಲ್ 6ಕ್ಕೆ ಇದೆ. ಅವತ್ತಿನ ಕಂತೆ ನನ್ನ ಮೇಜಿಗೆ ಬಂದದ್ದು ಮೇ ಕೊನೆಗೆ. ನಡುವೆ ಮಷೀನು ಕೆಟ್ಟು ಒಂದೂವರೆ ತಿಂಗಳು ನಿಂತಿತ್ತು, ಆ ಅರ್ಜಿಗಳೆಲ್ಲ ನಾನು ಸೇರಿಸಿದ ದಿನದ ತಾರೀಖಿಗೆ ಹಿಂದೆ ಬಿದ್ದಿವೆ. ನಿಮ್ಮದು ಜುಲೈ 11ಕ್ಕೆ ಇದೆ. ನಿಮ್ಮದೇ ಸಹಿ ಇದೆ.

ಬಸ್ ನಿಲ್ದಾಣದಲ್ಲಿ ನಾನು ಕುಳಿತ ಬಸ್ಸಿನ ಎದುರಿಗೇ ಇಜೇರಿಯ ಬಸ್ಸು ನಿಂತಿತ್ತು. ಅದು ಹೋಗುವವರೆಗೆ ಸೆರಗು ಮುಖಕ್ಕೆ ಎಳೆದುಕೊಂಡು ಕುಳಿತಿದ್ದೆ.

ಕಾಗದಕ್ಕೆ ಸಹಿ ಮಾಡಿಲ್ಲ. ಮೂರು ದಿನ ಗಡುವು ಕೊಟ್ಟಿದ್ದಾರೆ.

ಶಿವಕಾಂತಾ


ಕರಜಗಿ
1 ಡಿಸೆಂಬರ್ 1995

ಶಿವಕಾಂತಾಳಿಗೆ,

ಎರಡೂ ಪತ್ರ ಬಂದವು. ಮೊದಲನೆಯದು ಬಂದ ದಿನವೇ ಕಟಾವು ನಿಲ್ಲಿಸಿದೆ. ಎರಡು ಎಕರೆ ಕಡಿದಾಗಿತ್ತು. ಮೂರು ಎಕರೆ ನಿಂತಿದೆ. ಟೋಳಿಯ ಮುಖಂಡ ನಾನು ಬುದ್ಧಿ ಕೆಟ್ಟವನೋ ಎಂಬಂತೆ ನೋಡಿದ.

ಅಲ್ಲಿಂದ ನೇರ ದೌಲತರಾಯನ ಮನೆಗೆ ಹೋದೆ. ಅವನ ಅಣ್ಣತಮ್ಮಂದಿರೆಲ್ಲ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಲಿಂಗ ಹಿಡಿದು ಹೇಳಿದ್ದು ಸುಳ್ಳಾಯಿತು, ತಪ್ಪು ನನ್ನ ಮಗಳ ಕೈಯಿಂದಲೇ ಆಗಿದೆ, ಅವಳು ಬೇಕಂತ ಮಾಡಿಲ್ಲ, ನನ್ನ ಟೋಳಿ ನಿಲ್ಲಿಸಿದ್ದೇನೆ, ಅದು ನಿನ್ನ ಹೊಲಕ್ಕೆ ಬರಲಿ ಎಂದೆ.

ದೌಲತರಾಯ ಕಟ್ಟೆಯಿಂದ ಇಳಿದು ಬಂದ. “ಅಣ್ಣ, ನಿನ್ನ ಚೀಟಿ ಮ್ಯಾಲ ನನ್ನ ಕಬ್ಬ ಕಡೀತಾರೇನು? ನೀ ನಿಲ್ಲಿಸಿದರ ನಿಂದೂ ಒಣಗತದ, ನಂದೂ ಒಣಗತದ. ಅಷ್ಟೇ ಆತು” ಎಂದ. ಅವನು ಹೇಳಿದ್ದು ನಿಜವೇ. ಟೋಳಿಯವರು ಮರುದಿನ ಚೀಟಿ ಇದ್ದ ಇನ್ನೊಬ್ಬನ ಹೊಲಕ್ಕೆ ಹೋದರು. ಊರಿನವರು ಈಗ ಎರಡು ಮಾತಾಡುತ್ತಿದ್ದಾರೆ. ಮೊದಲು ಕಳ್ಳ ಅಂದವರೇ ಈಗ ಹುಚ್ಚ ಅನ್ನುತ್ತಾರೆ. ನಿನ್ನವ್ವ ನನ್ನ ಜೊತೆ ಮಾತಾಡುತ್ತಿಲ್ಲ. ಯಾವುದಕ್ಕೆಂದು ಹೇಳುತ್ತಲೂ ಇಲ್ಲ.

ನನಗೆ ನಿನ್ನ ಮೇಲೆ ಸಿಟ್ಟಿದೆ. ನೋಡಿ ಹೇಳುತ್ತೇನೆ ಎಂದು ಬರೆಯುವ ಕಡೆ ಮಾಡಿಲ್ಲ ಎಂದು ಬರೆದೆ. ನೋಡದೆ ಒತ್ತಿದ್ದೂ ಅದೇ ಗುಣ, ನೋಡದೆ ಬರೆದದ್ದೂ ಅದೇ ಗುಣ. ಅದು ನಿನಗೆ ನನ್ನಿಂದ ಬಂದದ್ದು ಎಂದು ನಿನ್ನವ್ವ ಯಾವಾಗಲೋ ಅಂದಿದ್ದಳು.

ಆ ಕಾಗದಕ್ಕೆ ಸಹಿ ಮಾಡಬೇಡ.

ಶಾಂತಲಿಂಗಪ್ಪ


ಆಳಂದ
13 ಡಿಸೆಂಬರ್ 1995

ಅಪ್ಪನವರಿಗೆ ಶರಣು.

ಸಹಿ ಮಾಡಲಿಲ್ಲ. ಗಡುವು ಮುಗಿದ ಮೇಲೆ ವ್ಯಂಕಟೇಶರಾಯರು ನನ್ನನ್ನು ಬೈಯಲಿಲ್ಲ. ಮಷೀನಿನ ಕೋಣೆಯ ಕೀಲಿ ಮಾತ್ರ ತಮ್ಮ ಹತ್ತಿರ ಇಟ್ಟುಕೊಂಡರು. ನಾನು ದಿನವಿಡೀ ಖಾಲಿ ಕುರ್ಚಿಯಲ್ಲಿ ಕುಳಿತು ಬರುತ್ತಿದ್ದೆ.

ಮೊನ್ನೆ ಸೋಮವಾರ ಬೆಳಿಗ್ಗೆ ಎರಡು ಟ್ರ್ಯಾಕ್ಟರಿನಲ್ಲಿ ರೈತರು ಬಂದರು. ಖಜೂರಿಯವರೇ ಹೆಚ್ಚು, ಕರಜಗಿಯವರು ಏಳೆಂಟು ಮಂದಿ. ದೌಲತರಾಯ ಕಾಕಾ ಇರಲಿಲ್ಲ. ಅವರು ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಪಟ್ಟಿ ತೋರಿಸುವ ತನಕ ಏಳುವುದಿಲ್ಲ ಎಂದರು. ವ್ಯಂಕಟೇಶರಾಯರು ಹೊರಗೆ ಹೋಗಿ ಮಷೀನು ಮಾಡಿದ ಪಟ್ಟಿಯಲ್ಲಿ ಮನುಷ್ಯರ ಕೈವಾಡ ಇರಲು ಸಾಧ್ಯವಿಲ್ಲ ಎಂದು ಸಮಜಾಯಿಷಿ ಹೇಳತೊಡಗಿದರು. ಒಬ್ಬ ಮುದುಕ, ಹೆಸರು ಗೊತ್ತಿಲ್ಲ, ಕೈ ಮುಗಿದು, “ಸಾಹೇಬ್ರ, ಮನಷ್ಯಾ ಆಗಿದ್ರ ಅವನ ಕಾಲರ ಹಿಡೀತಿದ್ದೆ. ಮಷೀನಿಗಿ ಏನ್ ಹಿಡೀಲ್ರಿ?” ಎಂದು ಕೇಳಿದ.

ನಾನು ಒಳಗಿದ್ದೆ. ಆ ಮಾತು ಕೇಳಿದ ಮೇಲೆ ಕೂರಲಾಗಲಿಲ್ಲ. ಚೀಲದಿಂದ ರಿಜಿಸ್ಟರ್ ತೆಗೆದುಕೊಂಡು ಹೊರಗೆ ಬಂದೆ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದೆ: “ತಪ್ಪು ನಂದದರಿ. ಜುಲೈ ಹನ್ನೊಂದಕ್ಕ ತಾರೀಖು ತುಂಬಲಿಲ್ಲ ನಾ. ಮಷೀನಿಗಿ ಅಷ್ಟು ತಿಳಿಯಂಗಿಲ್ಲ. ಖರೇ ಸರದಿ ಈ ರಿಜಿಸ್ಟರಿನ್ಯಾಗ ಅದ.”

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಒಬ್ಬ ನನ್ನ ಕಡೆ ಚಪ್ಪಲಿ ಎತ್ತಿದ್ದನ್ನು ನೋಡಿದೆ. ಆ ಮುದುಕ ಅವನ ಕೈ ಹಿಡಿದು ಕೂರಿಸಿದ. ಮಷೀನು ತೆರೆದು ತೋರಿಸಿ ಎಂದು ಗದ್ದಲ ಎದ್ದಿತು. ಬಸ್ ನಿಲ್ದಾಣದ ಹತ್ತಿರ ರೇಡಿಯೋ ರಿಪೇರಿ ಮಾಡುವ ಲಾಲಸಾಬರನ್ನು ಅವರೇ ಕರೆತಂದರು. ವ್ಯಂಕಟೇಶರಾಯರು ಕೀಲಿ ಕೊಡದೆ ಬೇರೆ ದಾರಿ ಇರಲಿಲ್ಲ. ಲಾಲಸಾಬರು ಡಬ್ಬಿ ಬಿಚ್ಚಿ ನೋಡಿದರು. ಬ್ಯಾಟರಿ ಸೋರಿ ಸುತ್ತಲೂ ಹಸಿರು ಕಿಲುಬು ಹಿಡಿದಿತ್ತು. ಒಳಗಿನ ಹಲಗೆಯ ಮೇಲೆ ಬೇರೆ ಯಾವುದೋ ಕಚೇರಿಯ ಹಳೆಯ ಚೀಟಿ, ಅರ್ಧ ಕೆರೆದದ್ದು. “ಹೊರಗಿನ ಡಬ್ಬಿ ಅಷ್ಟೇ ಹೊಸದದರಿ. ಒಳಗಿಂದು ಯಾರೋ ಬಿಸಾಕಿದ್ದು” ಎಂದರು. ಒಂದೂವರೆ ವರ್ಷ ನಾನು ಕಾದು, ಬೈದು, ಗಾಳಿ ಹಾಕಿ, ಕೈ ಮುಗಿದು ನಡೆಸಿದ್ದು ಅದನ್ನು.

ಸಂಜೆಯೊಳಗೆ ನನ್ನನ್ನು ಅಮಾನತು ಮಾಡಿದ ಕಾಗದ ಬಂತು. ಜನವರಿ 15ಕ್ಕೆ ವಿಚಾರಣೆ.

ಇನ್ನೊಂದು ಮಾತಿದೆ. ಮೆಟ್ಟಿಲ ಮೇಲೆ ಅದನ್ನು ಹೇಳಲಿಲ್ಲ. ನಿಮಗೂ ಇದುವರೆಗೆ ಬರೆಯಲಿಲ್ಲ. ಅಕ್ಟೋಬರಿನಲ್ಲಿ ಪಟ್ಟಿ ಅಚ್ಚಾಗುವಾಗ ಮೊದಲ ಹಾಳೆಯಲ್ಲೇ ನಿಮ್ಮ ಹೆಸರು ಕಂಡಿತ್ತು. ಅದರಲ್ಲಿ ತಾರೀಖು ಅಚ್ಚಾಗುವುದಿಲ್ಲ, ನಂಬರು ಮತ್ತು ಹೆಸರು ಮಾತ್ರ. ಜುಲೈನಲ್ಲಿ ಸೇರಿಸಿದ ಹೆಸರು ಅಷ್ಟು ಮುಂದೆ ಬರಬಾರದು ಎಂದು ನನಗೆ ತಿಳಿಯಬೇಕಿತ್ತು. ತಿಳಿಯಿತೋ ಇಲ್ಲವೋ ಈಗ ಹೇಳಲಾರೆ. ನನಗೆ ಸಂತೋಷವಾಯಿತು. ಚೀಟಿ ಬಂದರೆ ನನ್ನ ನೆನಪಾದೀತು ಅನ್ನಿಸಿತು. ಯಾಕೆ ಎಂದು ಕೇಳದೆ ಮುಂದಿನ ಹಾಳೆ ಹಾಕಿದೆ.

ಇದನ್ನು ಓದಿ ನೀವು ಬರೆಯದಿದ್ದರೂ ನಾನು ಏನೂ ಅನ್ನುವುದಿಲ್ಲ.

ಶಿವಕಾಂತಾ


ಕರಜಗಿ
9 ಜನವರಿ 1996

ಚಿ. ಶಿವಕಾಂತಾಳಿಗೆ ಆಶೀರ್ವಾದಗಳು.

ಮೂರು ವಾರಕ್ಕೂ ಮೇಲೆ ಬರೆಯಲಿಲ್ಲ. ಸಿಟ್ಟಿನಿಂದಲೇ ಬರೆಯಲಿಲ್ಲ. ಪತ್ರ ಓದಿ ಹೇಳಿ ಎಂದು ನಿನ್ನವ್ವ ನಾಲ್ಕು ಸಲ ಕೇಳಿದಳು. ಐದನೇ ಸಲ ಓದಿದೆ. ಕಡೆಯ ಮಾತು ಕೇಳಿ ಅವಳು, “ನೀವು ಎಷ್ಟು ದಿನ ಕಿಸೆದಾಗ ಇಟ್ಕೊಂಡಿದ್ರಿ, ಅದನ್ನೂ ಬರೀರಿ” ಎಂದಳು.

ಆದ್ದರಿಂದ ಬರೆಯುತ್ತೇನೆ. ಕಟಾವಿನ ಚೀಟಿ ನನಗೆ ಬಂದದ್ದು ನವೆಂಬರ್ ಏಳಕ್ಕಲ್ಲ, ಮೂರಕ್ಕೆ. ಐದು ದಿನ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ನಂಬರು ನೋಡಿದ ಕೂಡಲೇ ಇದು ನನ್ನ ಸರದಿಯಲ್ಲ ಎಂದು ಗೊತ್ತಾಗಿತ್ತು. ಮಗಳು ನನ್ನನ್ನು ನೆನೆಸಿಕೊಂಡಿದ್ದಾಳೆ ಎಂದುಕೊಂಡೆ. ಅಂಗಡಿಯ ಮುಂದೆ ಮಂದಿ ಮಾತಾಡಿರದಿದ್ದರೆ ನಿನಗೆ ಬರೆಯುತ್ತಲೂ ಇರಲಿಲ್ಲ, ಸುಮ್ಮನೆ ಕಡಿಸಿಬಿಡುತ್ತಿದ್ದೆ. ಹೀಗಿದ್ದವನು ಲಿಂಗ ಹಿಡಿದೆ.

ಇನ್ನು ಇಲ್ಲಿಯ ಸುದ್ದಿ. ಆಡಳಿತ ಮಂಡಳಿಯವರು ಒಪ್ಪಿಕೊಂಡು ಪಾಂಡುರಂಗರಾಯರ ರಿಜಿಸ್ಟರಿನ ಪ್ರಕಾರ ಹೊಸ ಚೀಟಿ ಕೈಯಿಂದಲೇ ಬರೆದು ಕಳಿಸಿದರು. ನಾಲ್ಕು ದಿನದಲ್ಲಿ ಮುಗಿಯಿತಂತೆ. ದೌಲತರಾಯನ ಹೊಲಕ್ಕೆ ಡಿಸೆಂಬರ್ 29ಕ್ಕೆ ಟೋಳಿ ಬಂತು. ತುದಿ ಎಲ್ಲ ಒಣಗಿತ್ತು. ಆರು ಲಾರಿ ಆಗುವ ಕಡೆ ನಾಲ್ಕೂವರೆ ಆಯಿತು. ಕಡಿಯುವ ಅಷ್ಟೂ ದಿನ ನಾನು ಹೋಗಿ ಲಾರಿಗೆ ಕಬ್ಬಿನ ಮೋಳಿಗೆ ಕಟ್ಟುಗಳನ್ನು ಹೊರಿಸಿದೆ. ಅವನು ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅವನ ಹೆಂಡತಿ ಗಂಗಾಬಾಯಿ ರೊಟ್ಟಿ ಕೊಡುವಾಗ ನನಗೂ ಕೊಟ್ಟಳು. ನನ್ನ ಮೂರು ಎಕರೆ ಫೆಬ್ರುವರಿ ಕೊನೆಗಂತೆ.

ನಿನ್ನ ವಿಚಾರಣೆಯ ದಿನ ನಾನು ಆಳಂದಕ್ಕೆ ಬರುತ್ತೇನೆ. ನಿನ್ನ ಪರವಾಗಿ ಮಾತಾಡಲು ಅಲ್ಲ, ನನ್ನನ್ನು ಯಾರೂ ಕೇಳುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತೇನೆ.

ಇಂತಿ,
ನಿನ್ನ ಅಪ್ಪ


ಆಳಂದ
3 ಮಾರ್ಚ್ 1996

ಪ್ರೀತಿಯ ಅಪ್ಪನವರಿಗೆ ಶರಣು.

ವಿಚಾರಣೆಯ ದಿನ ನೀವು ಬೆಂಚಿನ ಮೇಲೆ ಕುಳಿತದ್ದು, ನಾನು ಹೊರಗೆ ಬಂದಾಗ ಏನೂ ಕೇಳದೆ ಚಹಾ ಕುಡಿಸಿ ಬಸ್ಸು ಹತ್ತಿದ್ದು, ಅದರ ಬಗ್ಗೆ ನಾನು ಬರೆದೇ ಇಲ್ಲ. ತೀರ್ಪು ಬರುವ ತನಕ ಕಾಯೋಣ ಎಂದುಕೊಂಡೆ. ಕಳೆದ ತಿಂಗಳು ಬಂತು. ನೌಕರಿ ಉಳಿಯಿತು, ಕಂಪ್ಯೂಟರ್ ಕೆಲಸ ಹೋಯಿತು. ನನ್ನನ್ನು ಕಾರ್ಖಾನೆಯ ಗೇಟಿನಲ್ಲಿ ಲಾರಿ ತೂಗುವ ಕಾಟಾದ ಮೇಲೆ ಹಾಕಿದ್ದಾರೆ. ವ್ಯಂಕಟೇಶರಾಯರಿಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟು ಅದೇ ಕುರ್ಚಿಯಲ್ಲಿ ಬಿಟ್ಟಿದ್ದಾರೆ. ಪಾಂಡುರಂಗರಾಯರ ಪೆನ್ಶನ್ ಕಾಗದಕ್ಕೆ ಮಾತ್ರ ಮೇಲಿನವರೇ ಸಹಿ ಮಾಡಿ ಕಳಿಸಿದರು. ಹೊಸ ಕಂಪ್ಯೂಟರ್ ಬಂದಿದೆ. ಬೇಗ ಓಡುತ್ತದಂತೆ. ನಾನು ಆ ಕೋಣೆಗೆ ಹೋಗಿಲ್ಲ.

ಗೇಟಿನಲ್ಲಿ ಧೂಳು ಬಹಳ. ಕೆಲವು ರೈತರು ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಎರಡು ಸಲ ಓದಿ ನೋಡುತ್ತಾರೆ. ಓದಲಿ.

ಮೊನ್ನೆ ನಮ್ಮ ಹೊಲದ ಕೊನೆಯ ಲಾರಿಯಲ್ಲಿ ನೀವೇ ಡ್ರೈವರಿನ ಮಗ್ಗುಲಲ್ಲಿ ಕುಳಿತು ಬರುತ್ತೀರೆಂದು ನಾನು ಎಣಿಸಿರಲಿಲ್ಲ. ಕಬ್ಬು ನೋಡಿದೆ. ಸೌದೆಯ ಹಾಗಾಗಿತ್ತು. ನೀವು ಅದರ ಮಾತೆತ್ತಲಿಲ್ಲ. ಕಿಟಕಿಗೆ ಬಂದು ಚೀಟಿ ತೆಗೆದುಕೊಂಡು, ಹೋಗದೆ ನಿಂತು, “ಆ ಮನಿ ಯಾಕ ಬಿಟ್ಟು ಬಂದಿ ಅಂತ ನಾ ನಿನಗ ಒಂದ್ ದಿನಾನೂ ಕೇಳಲಿಲ್ಲವಾ. ಏನಾಗಿತ್ತು?” ಎಂದಿರಿ.

ಹಿಂದೆ ಒಂಬತ್ತು ಲಾರಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ನಾನು ತಲೆ ಬಗ್ಗಿಸಿ ಮುಂದಿನ ಚೀಟಿ ಬರೆಯತೊಡಗಿದೆ. ಉತ್ತರ ಕೊಡಲು ಮನಸ್ಸಿಲ್ಲವೆಂದು ನೀವು ತಿಳಿದುಕೊಂಡಿರಬೇಕು, ಹಾಗೆಯೇ ನಡೆದುಹೋದಿರಿ. ಮನಸ್ಸಿಲ್ಲದೆ ಅಲ್ಲ ಅಪ್ಪ. ಅಂಕಿ ಕಾಣದಷ್ಟು ಕಣ್ಣು ತುಂಬಿದ್ದವು. ಒಬ್ಬ ಡ್ರೈವರ್ ಕಾಯಬೇಕಾಯಿತು.

ಮಂಗಳವಾರ ನನಗೆ ರಜೆ. ಬೆಳಗಿನ ಬಸ್ಸಿಗೆ ಬನ್ನಿ. ಅವ್ವನನ್ನೂ ಕರೆತನ್ನಿ, ಅವಳು ಇನ್ನೂ ನನ್ನ ಕೋಣೆ ನೋಡಿಲ್ಲ. ಮೂರು ವರ್ಷದಲ್ಲಿ ಆ ಮನೆಯಲ್ಲಿ ಆದದ್ದು ಕಾಗದದಲ್ಲಿ ಬರೆಯುವಂಥದ್ದಲ್ಲ. ಕೆಲವು ಮಾತು ಅವ್ವನ ಎದುರಿಗೂ ಹೇಳಲು ಕಷ್ಟವಾದೀತು. ಆದರೂ ಹೇಳುತ್ತೇನೆ. ನಡುವೆ ನಾನು ನಿಲ್ಲಿಸಿದರೆ ನೀವು ಎದ್ದು ಹೋಗಬೇಡಿ.

ಇಂತಿ ನಿಮ್ಮ ಮಗಳು,
ಶಿವಕಾಂತಾ